ದಾಖಲೆಯ ಸೀಳು, ಬುಟ್ಟಿಯ ಹೆಣಿಗೆ: ಶಾನ್ ಗೋಶಾರ್ನ್ ಅವರ ಕಲೆ

ಆದಿವಾಸಿ ಸಮುದಾಯಗಳು ಕೈಯಿಂದ ಮಾಡಿದ್ದನ್ನು ‘ಕರಕುಶಲ’ವೆಂದೂ ಕಲಾಶಾಲೆಗಳಲ್ಲಿ ಕಲಿತವರು ರಚಿಸಿದ್ದನ್ನು ‘ಕಲೆ’ಯೆಂದೂ ವಿಂಗಡಿಸುವ ಪರಿಪಾಠಕ್ಕೆ ವಸಾಹತುಶಾಹಿ ವಸ್ತುಸಂಗ್ರಹಾಲಯಗಳು ಬಲ ತುಂಬಿದವು. ಅಮೆರಿಕದ ಪೂರ್ವ ಚೆರೋಕಿ ಸಮುದಾಯಕ್ಕೆ ಸೇರಿದ ಶಾನ್ ಗೋಶಾರ್ನ್ (1957–2018) ಅವರ ಬುಟ್ಟಿಗಳ ಎದುರು ಈ ವಿಂಗಡಣೆ ನಿಲ್ಲುವುದಿಲ್ಲ.

ಚೆರೋಕಿ ಮಹಿಳೆಯರು ಹೊಳೆದಂಡೆಯ ಸಣ್ಣ ಬಿದಿರನ್ನು ಸೀಳಿ, ಬೇರು ತೊಗಟೆಗಳಿಂದ ತೆಗೆದ ಬಣ್ಣದಲ್ಲಿ ಕುದಿಸಿ ಬುಟ್ಟಿ ಹೆಣೆಯುತ್ತ ಬಂದವರು. ಅವರ ಹೆಣಿಗೆಗಳಲ್ಲಿ ಅತ್ಯಂತ ಕಠಿಣವಾದುದು ಜೋಡಿ ಹೆಣಿಗೆ. ಒಳಬುಟ್ಟಿಯನ್ನು ತಳದಿಂದ ಮೇಲಕ್ಕೆ ಹೆಣೆದು, ಅಂಚಿನಲ್ಲಿ ಸೀಳುಗಳನ್ನು ಹೊರಕ್ಕೆ ಬಾಗಿಸಿ, ಅವುಗಳಿಂದಲೇ ಹೊರಬುಟ್ಟಿಯನ್ನು ಮತ್ತೆ ತಳದವರೆಗೆ ಹೆಣೆದು ಮುಗಿಸಬೇಕು. ನೋಟಕ್ಕೆ ಅದು ಒಂದು ಬುಟ್ಟಿ; ವಸ್ತುತಃ ಒಂದರೊಳಗೊಂದು ಕುಳಿತ ಎರಡು. ಗೋಶಾರ್ನ್ ಇದನ್ನು ಮನೆಯ ಹಿರಿಯರಿಂದ ಕಲಿತವರಲ್ಲ. ಸಾಂಪ್ರದಾಯಿಕ ಬುಟ್ಟಿ ವಿನ್ಯಾಸಗಳನ್ನು ರೇಖಾಚಿತ್ರಗಳಾಗಿ ಬಿಡಿಸಿಕೊಡುವ ಕೆಲಸವೊಂದು ಮೊದಲೇ ಅವರ ಪಾಲಿಗೆ ಬಂದಿತ್ತು. ಹೆಣಿಗೆಯ ಲೆಕ್ಕ ಅವರಿಗೆ ತಿಳಿದದ್ದು ಆ ಗೆರೆಗಳಲ್ಲಿ. ಸ್ವತಃ ಬುಟ್ಟಿ ಹೆಣೆಯಲು ತೊಡಗಿದ್ದು ಐವತ್ತರ ಆಸುಪಾಸಿನಲ್ಲಿ.

ಅವರು ಬಿದಿರಿನ ಬದಲು ಕಾಗದವನ್ನು ಆರಿಸಿಕೊಂಡರು. ಒಪ್ಪಂದಗಳು, ಭಾಷಣಗಳು, ಭೂಪಟಗಳು, ಹಳೆಯ ಛಾಯಾಚಿತ್ರಗಳು ಇವುಗಳ ಪ್ರತಿಗಳನ್ನು ಜಲವರ್ಣದ ದಪ್ಪ ಕಾಗದದ ಮೇಲೆ ಮುದ್ರಿಸಿ, ಸಣ್ಣ ಪಟ್ಟಿಗಳಾಗಿ ಕತ್ತರಿಸಿ ಹೆಣೆದರು. ‘ಸೀಲ್ಡ್ ಫೇಟ್’ (2010) ಎಂಬ ಬುಟ್ಟಿಯ ವಸ್ತು 1835ರ ನ್ಯೂ ಎಕೋಟ ಒಪ್ಪಂದ. ಚುನಾಯಿತ ಮುಖ್ಯಸ್ಥ ಜಾನ್ ರಾಸ್ ಅವರ ಸಮ್ಮತಿಯಿಲ್ಲದೆ ಒಂದು ಚಿಕ್ಕ ಗುಂಪು ಇದಕ್ಕೆ ಸಹಿ ಹಾಕಿತು. ಹದಿನೈದು ಸಾವಿರಕ್ಕೂ ಮಿಕ್ಕ ಹೆಸರುಗಳಿದ್ದ ಪ್ರತಿಭಟನಾ ಮನವಿಯನ್ನು ಸರ್ಕಾರ ಲೆಕ್ಕಿಸಲಿಲ್ಲ. ಒಪ್ಪಂದಕ್ಕೆ 1836ರಲ್ಲಿ ಸೆನೆಟ್ಟಿನ ಅನುಮೋದನೆ ದೊರೆತದ್ದು ಅಗತ್ಯವಿದ್ದ ಬಹುಮತಕ್ಕಿಂತ ಒಂದೇ ಮತದ ಹೆಚ್ಚಳದಿಂದ. 1838ರಲ್ಲಿ ಆರಂಭವಾದ ಬಲವಂತದ ವಲಸೆಯಲ್ಲಿ ಸುಮಾರು 4,000 ಚೆರೋಕಿಗಳು ಮಡಿದರೆಂಬುದು ಸಾಮಾನ್ಯವಾಗಿ ಒಪ್ಪಿತವಾದ ಅಂದಾಜು. ಆ ವಲಸೆ ಕೊನೆಗೊಂಡ ಸೀಮೆ ಇಂದಿನ ಒಕ್ಲಹೋಮ. ಗೋಶಾರ್ನ್ ಬದುಕಿದ್ದೂ ಆ ರಾಜ್ಯದ ಟಲ್ಸಾ ನಗರದಲ್ಲಿ.

2011ರ ‘ಎಜುಕೇಷನಲ್ ಜೆನೊಸೈಡ್’ ಕಾರ್ಲೈಲ್ ವಸತಿಶಾಲೆಯನ್ನು ಕುರಿತದ್ದು. 1879ರಿಂದ 1918ರವರೆಗೆ ನಡೆದ ಈ ಶಾಲೆ ಆದಿವಾಸಿ ಮಕ್ಕಳ ಕೂದಲು ಕತ್ತರಿಸಿ, ಹೆಸರು ಬದಲಿಸಿ, ತಾಯ್ನುಡಿಯನ್ನು ನಿಷೇಧಿಸಿತು. ಸ್ಥಾಪಕ ರಿಚರ್ಡ್ ಪ್ರ್ಯಾಟ್ 1892ರ ಭಾಷಣದಲ್ಲಿ ಇದನ್ನೇ ಉದ್ಧಾರವೆಂದು ಸಮರ್ಥಿಸಿಕೊಂಡಿದ್ದನು. ಗೋಶಾರ್ನ್ ಆ ಭಾಷಣವನ್ನೂ ಅಲ್ಲಿ ಓದಿದ ಮಕ್ಕಳ ಹೆಸರುಗಳನ್ನೂ ಒಂದೇ ಬುಟ್ಟಿಗೆ ತಂದರು.

ಇಂಥ ಕೃತಿಗಳನ್ನು ಕೇವಲ ಪ್ರತಿಭಟನೆಯ ಕಲೆಯೆಂದು ಬಣ್ಣಿಸುವ ವಿಮರ್ಶೆ ತಂತ್ರವನ್ನು ಗಮನಿಸದೆ ಮುಂದೆ ಸಾಗುತ್ತದೆ. ಹೆಣಿಗೆಯಲ್ಲಿ ಒಂದು ಪಟ್ಟಿ ಮೇಲೆ ಬಂದಾಗ ಇನ್ನೊಂದು ಕೆಳಗೆ ಸರಿಯಲೇಬೇಕಾದುದರಿಂದ ಪ್ರಭುತ್ವದ ವಾಕ್ಯ ಎಲ್ಲಿಯೂ ಪೂರ್ಣವಾಗಿ ಓದಿಸಿಕೊಳ್ಳುವುದಿಲ್ಲ. ಆದರೆ ಅದು ಅಳಿದೂ ಹೋಗುವುದಿಲ್ಲ. ಛಾಯಾಚಿತ್ರಗಳ ಮೂಲಕ ತಾವು ಹಿಂದೆ ಇದೇ ವಿಷಯಗಳನ್ನು ಎತ್ತಿದಾಗ ಹಿಂದೆ ಸರಿಯುತ್ತಿದ್ದ ನೋಡುಗರು ಬುಟ್ಟಿಯನ್ನು ಕಂಡರೆ ಬಾಗಿ ಹತ್ತಿರ ಬರುತ್ತಾರೆಂಬುದನ್ನು ಗೋಶಾರ್ನ್ ಗುರುತಿಸಿದ್ದರು. ಹಾಗೆ ಬಾಗಿದವರಿಗೆ ಮೊದಲು ಕಾಣುವುದು ವಿನ್ಯಾಸ, ಅಕ್ಷರಗಳು ಆಮೇಲೆ.