ಹಳೇ ಅಂಗಿಯ ಬೆನ್ನಿಗೆ ಕೆಂಪು ದೀಪ

ರಾತ್ರಿ ಹೊಲಕ್ಕೆ ಹೊರಟ ರೈತನ ಕೈಯಲ್ಲಿ ಟಾರ್ಚು ಇರುತ್ತದೆ. ಈಗ ತಲೆಗೆ ಕಟ್ಟಿಕೊಳ್ಳುವ ಲೈಟೂ ಬಂದಿದೆ. ಎರಡೂ ನಮಗೆ ದಾರಿ ಕಾಣಲಿಕ್ಕೆ. ಹಿಂದಿನಿಂದ ಬರುವ ಲಾರಿಯವನಿಗೆ, ಬೈಕಿನವನಿಗೆ ನಾವು ಕಾಣಬೇಕಲ್ಲ, ಅದಕ್ಕೆ ಏನಿದೆ? ಬೆವರು ಮಣ್ಣು ಕುಡಿದು ಬಣ್ಣಗೆಟ್ಟ ಅಂಗಿ, ಹೆಗಲ ಮೇಲೊಂದು ಕರಿ ಕಂಬಳಿ. ಡಾಂಬರು ಕಪ್ಪು, ಕಂಬಳಿಯೂ ಕಪ್ಪು.

ನಮ್ಮದು ಶಿರಾ ಸೀಮೆ. ಮಳೆ ಬಂದರೆ ಕಡ್ಲೆಕಾಯಿ, ರಾಗಿ, ಹುರುಳಿ. ಇರೋ ಒಂದು ಬೋರಿನಲ್ಲಿ ಬರೋ ನೀರು ಅರ್ಧ ಎಕರೆಗೆ. ತ್ರೀಫೇಸ್ ಕರೆಂಟು ಒಂದು ಪಾಳಿ ಹಗಲಾದರೆ ಇನ್ನೊಂದು ಪಾಳಿ ರಾತ್ರಿ. ಹನ್ನೆರಡಕ್ಕೆ ಬಂದರೂ ಎದ್ದು ಹೋಗಲೇಬೇಕು. ಕಡ್ಲೆಕಾಯಿ ಬಲಿಯುವ ಕಾಲಕ್ಕೆ ಹಂದಿ ಕಾಯಲು ಬೇರೆ. ಮನೆಯಿಂದ ಹೊಲಕ್ಕೆ ಒಂದೂವರೆ ಮೈಲಿ, ಅದರಲ್ಲಿ ಮುಕ್ಕಾಲು ಪಾಲು ಡಾಂಬರು ರಸ್ತೆಯ ಅಂಚಿನಲ್ಲೇ ನಡೆಯಬೇಕು. ಸುಗ್ಗಿಯಲ್ಲಿ ರಸ್ತೆ ಮೇಲೆ ಕಣ ಮಾಡಿ, ರಾಶಿ ಪಕ್ಕದಲ್ಲೇ ಮಲಗೋರೂ ಇದ್ದಾರೆ. ರಸ್ತೆ ಮೇಲೆ ಕಣ ಮಾಡೋದು ಸರಿ ಅಂತ ನಾನು ಹೇಳೋದಿಲ್ಲ. ಆದರೆ ಮಾಡೋರು ಮಾಡುತ್ತಲೇ ಇದ್ದಾರೆ.

ಎರಡು ವರ್ಷದ ಹಿಂದೆ ಪಕ್ಕದ ಹಟ್ಟಿಯ ಕುರಿಯವರೊಬ್ಬರು ಬೆಳಗಿನ ಜಾವ ಮಂದೆಯನ್ನು ರಸ್ತೆ ದಾಟಿಸುವಾಗ ವಾಹನಕ್ಕೆ ಸಿಕ್ಕಿ ಹೋದರು. 'ಕಾಣಲೇ ಇಲ್ಲ ಸ್ವಾಮಿ' ಅಂತ ಡ್ರೈವರು ಅಳುತ್ತಾ ಹೇಳಿದ. ಊರಿನೋರು ಅವನನ್ನು ಬೈದರು. ನನಗೆ ಮಾತ್ರ ಅವನು ಸುಳ್ಳು ಹೇಳ್ತಾನೆ ಅನ್ನಿಸಲಿಲ್ಲ.

ಆಮೇಲೆ ನಮ್ಮ ಮನೆಯಲ್ಲಿ ಒಂದು ಅಂಗಿ ತಯಾರಾಯಿತು. ಬೆನ್ನಿನ ಮೇಲೆ ನಾಲ್ಕು ಕೆಂಪು ದೀಪ. ಹೊಲಿಗೆ ಸೊಸೆಯದು, ದೀಪದ ಲೆಕ್ಕ ಅಣ್ಣನ ಮಗನದು, ಅವನು ತುಮಕೂರಿನಲ್ಲಿ ಎಂಜಿನಿಯರಿಂಗ್ ಓದುತ್ತಾನೆ. ಏಳನೇ ಕ್ಲಾಸು ಓದಿದ ನನಗೂ ಅರ್ಥವಾಗಿದೆ ಅಂದಮೇಲೆ ಯಾರಿಗೂ ಕಷ್ಟವಾಗಲಾರದು. ಸೂಜಿ ದಾರ ಹಿಡಿಯಲು ಬಂದರೆ ಸಾಕು.

ಬೇಕಾದ ಸಾಮಾನು

ಮೇಲೆ ಹಾಕಿಕೊಳ್ಳಲು ಸಡಿಲವಾದ ಒಂದು ಹಳೇ ಅಂಗಿ. ನಾವು ತೋಳು ಕತ್ತರಿಸಿ ತೆಗೆದೆವು. ಹಾಗೆ ಮಾಡಿದರೆ ಯಾವ ಬಟ್ಟೆಯ ಮೇಲಾದರೂ ತೊಡಬಹುದು, ಮನೆಯಲ್ಲಿ ಯಾರು ಹೋದರೂ ಅದೇ ಅಂಗಿ. 5 ಮಿಲಿಮೀಟರಿನ ಕೆಂಪು ಎಲ್‌ಇಡಿ ನಾಲ್ಕು, 100 ಓಮಿನ ರೆಸಿಸ್ಟರ್ ನಾಲ್ಕು, ಎರಡು ಪೆನ್ ಸೆಲ್ ಹಿಡಿಸುವ ಪ್ಲಾಸ್ಟಿಕ್ ಗೂಡು ಒಂದು. ಇವು ಊರಿನ ರೇಡಿಯೋ, ಟಿವಿ ರಿಪೇರಿ ಅಂಗಡಿಯಲ್ಲೇ ಸಿಗುತ್ತವೆ. ಇಲ್ಲವಾದರೆ ಬೆಂಗಳೂರಿಗೆ ಹೋದಾಗ ಎಸ್.ಪಿ. ರೋಡಿನಲ್ಲಿ ತರಬಹುದು. ಕೆಟ್ಟುಹೋದ ಮೊಬೈಲ್ ಚಾರ್ಜರಿನ ವೈರು ಎಸೆಯಬೇಡಿ. ಅದರೊಳಗೆ ಕೂದಲಿನಂಥ ತಾಮ್ರದ ಎಳೆ ಹೆಣೆದ ಸಣ್ಣ ವೈರುಗಳಿರುತ್ತವೆ. ಬಟ್ಟೆಗೆ ಅದೇ ಒಳ್ಳೆಯದು. ಮನೆ ವೈರಿಂಗಿನ ಗಟ್ಟಿ ತಂತಿ ನಾಲ್ಕು ಸಲ ಮಡಚಿದರೆ ಮುರಿದೀತು.

ಇನ್ನೊಂದು, ಟೈಲರ್ ಅಂಗಡಿಯ ಲೋಹದ ಟಿಚ್ ಬಟನ್. ರವಿಕೆಗೆ ಹೊಲಿಯುತ್ತಾರಲ್ಲ ಅದು, ಸ್ವಲ್ಪ ದೊಡ್ಡದು. ಸ್ವಿಚ್ಚಿನ ಕೆಲಸ ಅದರದ್ದು.

ನಮಗೆ ಸೆಲ್ ಸೇರಿ ಒಟ್ಟು 90 ರೂಪಾಯಿ ಆಯಿತು. ಅಂಗಿ ಬೆಲೆ ಹಿಡಿದಿಲ್ಲ.

ಹೊಲಿಯೋದು ಹೇಗೆ

ಎಲ್‌ಇಡಿಗೆ ಎರಡು ಕಾಲು. ಉದ್ದದ್ದು ಪ್ಲಸ್, ಗಿಡ್ಡದ್ದು ಮೈನಸ್. ಕಾಲು ಕತ್ತರಿಸಿದ್ದರೆ ಬುಡದ ಅಂಚನ್ನು ಸವರಿ ನೋಡಿ, ಒಂದು ಕಡೆ ಚಪ್ಪಟೆ ಇರುತ್ತದೆ, ಆ ಕಡೆ ಮೈನಸ್. ತಿರುಗಾ ಮುರುಗಾ ಕಟ್ಟಿದರೆ ಉರಿಯೋದಿಲ್ಲ.

ಪ್ಲಸ್ ಕಾಲಿಗೆ ರೆಸಿಸ್ಟರ್ ಬೆಸುಗೆ ಹಾಕಿಸಿ. ನಾಲ್ಕಕ್ಕೆ ನಾಲ್ಕು, ಎಲ್ಲಕ್ಕೂ ಸೇರಿ ಒಂದು ಸಾಲದು. ಕೆಂಪು ಎಲ್‌ಇಡಿಗೆ ಬೇಕಾದ್ದು ಸುಮಾರು 2 ವೋಲ್ಟ್, ಎರಡು ಸೆಲ್ ಕೊಡುವುದು 3 ವೋಲ್ಟ್. ಮಿಕ್ಕ ಒಂದನ್ನು ರೆಸಿಸ್ಟರ್ ತಡೆದುಕೊಳ್ಳುತ್ತದೆ. ಇಲ್ಲದಿದ್ದರೆ ಎಲ್‌ಇಡಿ ಬಿಸಿಯಾಗಿ ಬೇಗ ಹೋಗುತ್ತದೆ, ಸೆಲ್ಲೂ ಬೇಗ ತೀರುತ್ತದೆ. ಕಾಲುಗಳ ತುದಿಯನ್ನು ಸೂಜಿಗೆ ಸುತ್ತಿ ಬಳೆಯಂತೆ ಮಾಡಿಕೊಂಡು ಆಚೆಗೊಂದು ಈಚೆಗೊಂದು ಚಾಚಿದರೆ ದೀಪದ ತಲೆ ನೇರ ಹೊರಗೆ ನೋಡುತ್ತದೆ. ಆ ಬಳೆಯೊಳಗೇ ದಾರ ಹಾಯಿಸಿ ಗುಂಡಿ ಹೊಲಿದ ಹಾಗೆ ಹೊಲಿಯೋದು.

ಅಂಗಿಯ ಬೆನ್ನಿನ ಮೇಲೆ ಸೀಮೆಸುಣ್ಣದಲ್ಲಿ ಅಡ್ಡಲಾಗಿ ಎರಡು ಗೆರೆ ಎಳೆಯಿರಿ, ನಡುವೆ ಒಂದೂವರೆ ಇಂಚು ಜಾಗ. ಮೇಲಿನದು ಪ್ಲಸ್ ವೈರು, ಕೆಳಗಿನದು ಮೈನಸ್. ಏಣಿಗೆ ಮೆಟ್ಟಿಲು ಕೂರಿಸಿದಂತೆ ನಾಲ್ಕು ದೀಪ ನಡುವೆ ಬರಬೇಕು. ಪ್ಲಸ್ ವೈರು ಎಡ ಹೆಗಲ ಮೇಲಿಂದ ಇಳಿದು ಎಡ ಜೇಬಿನ ಸೆಲ್ ಗೂಡಿನ ಕೆಂಪು ವೈರಿಗೆ ಸೇರುತ್ತದೆ. ಮೈನಸ್ ವೈರು ಬಲ ಹೆಗಲ ಮೇಲಿಂದ ಬಂದು ಎದೆಯ ಬಲಪಟ್ಟಿಯಲ್ಲಿ ಹೊಲಿದ ಟಿಚ್ ಬಟನ್ನಿನ ಅರ್ಧಕ್ಕೆ ನಿಲ್ಲುತ್ತದೆ. ಬಟನ್ನಿನ ಇನ್ನೊಂದು ಅರ್ಧ ಎಡಪಟ್ಟಿಯಲ್ಲಿ, ಅದಕ್ಕೆ ಸೆಲ್ ಗೂಡಿನ ಕರಿ ವೈರು. ವೈರಿನ ತುದಿ ಸುಲಿದು ಬಟನ್ನಿನ ತೂತುಗಳಲ್ಲಿ ಎರಡು ಸುತ್ತು ಹಾಯಿಸಿ ಬಿಗಿಯಾಗಿ ದಾರ ಹಾಕಬೇಕು.

ಇಷ್ಟಾದರೆ ಅಂಗಿ ತೊಟ್ಟು ಟಿಚ್ ಒತ್ತಿದ ಕೂಡಲೇ ಬೆನ್ನಿನ ದೀಪ ಹತ್ತುತ್ತದೆ. ಬಿಚ್ಚಿ ಗೂಟಕ್ಕೆ ಹಾಕಿದರೆ ಆರುತ್ತದೆ. ಸ್ವಿಚ್ಚು ಹಾಕೋದು ಮರೆತೆ, ಆರಿಸೋದು ಮರೆತೆ ಅನ್ನೋ ಮಾತೇ ಇಲ್ಲ. ನನಗೆ ಇಡೀ ಕೆಲಸದಲ್ಲಿ ಬಹಳ ಹಿಡಿಸಿದ್ದು ಇದೇ. ಸೊಸೆಗೆ ಹೊಳೆದ ಉಪಾಯ.

ವೈರನ್ನು ಬಟ್ಟೆಯ ಒಳಮೈಗೆ ಇಟ್ಟು ಮೇಲೆ ಸಾದಾ ದಾರದಲ್ಲಿ ಇಂಚಿಗೊಂದು ಹೊಲಿಗೆ ಹಾಕುತ್ತಾ ಹೋಗಿ. ಹೆಗಲ ಹತ್ತಿರ ಎಳೆದು ಹೊಲಿಯಬೇಡಿ, ಹಾವು ಹರಿದ ಹಾಗೆ ಸ್ವಲ್ಪ ಡೊಂಕಾಗಿರಲಿ. ಗುದ್ದಲಿ ಎತ್ತಿದಾಗ ಎಳೆತ ಅಲ್ಲೇ ಬೀಳೋದು. ಸುಲಿದ ಜಾಗಕ್ಕೆಲ್ಲ ಹೆಣ್ಣುಮಕ್ಕಳ ಉಗುರುಬಣ್ಣ ಎರಡು ಕೈ ಬಳಿದರೆ ಪ್ಲಸ್ಸು ಮೈನಸ್ಸು ಒಂದಕ್ಕೊಂದು ತಾಗೋದಿಲ್ಲ.

ಎಲ್‌ಇಡಿಯ ಗುಂಡುತಲೆ ನೇರ ಎದುರಿಗೆ ಮಾತ್ರ ಜೋರಾಗಿ ಬೆಳಗುತ್ತದೆ, ಪಕ್ಕಕ್ಕೆ ಸರಿದರೆ ಮಂಕು. ನಡೆಯೋ ಮನುಷ್ಯನ ಬೆನ್ನು ಒಂದೇ ಕಡೆ ನೋಡುತ್ತಿರುತ್ತದೆಯೇ? ಅದಕ್ಕೆ ಆ ತಲೆಯನ್ನು ಉಪ್ಪುಕಾಗದದಲ್ಲಿ ಉಜ್ಜಿ ಮಬ್ಬು ಮಾಡಿದೆವು. ಬೆಳಕು ಸುತ್ತ ಹರಡಿತು. ಮಗ ಬೈಕಿನಲ್ಲಿ ಕೆರೆ ಏರಿಯ ತಿರುವಿಗೆ ಬರುತ್ತಿದ್ದಂತೆಯೇ ನಾನು ಕಂಡೆನಂತೆ. ಅಲ್ಲಿಂದ ನಾನು ನಿಂತಿದ್ದ ಜಾಗಕ್ಕೆ ಸುಮಾರು 300 ಮೀಟರು.

ನಾಲ್ಕು ದೀಪ ಒಟ್ಟಿಗೆ ಎಳೆಯೋದು 45 ಮಿಲಿ ಆಂಪಿಯರಿನ ಒಳಗೆ. ಒಳ್ಳೆ ಆಲ್ಕಲೈನ್ ಪೆನ್ ಸೆಲ್ ಜೊತೆಯಲ್ಲಿ ದಿನಕ್ಕೆ ಎರಡು ಗಂಟೆಯಂತೆ ಎರಡು ಮೂರು ವಾರ ಧಾರಾಳ ಬರುತ್ತದೆ. ಗೋಡೆ ಗಡಿಯಾರಕ್ಕೆ ಹಾಕುವ ಅಗ್ಗದ ಸೆಲ್ ಅಷ್ಟು ಬರೋದಿಲ್ಲ. ಮುಂದುಗಡೆ ಒಂದು ಬಿಳಿ ದೀಪವೂ ಇರಲಿ ಅಂತ ಆಸೆಪಟ್ಟು ಇದೇ ವೈರಿಗೆ ಸೇರಿಸಬೇಡಿ. ಬಿಳಿಗೆ 3 ವೋಲ್ಟೇ ಬೇಕು, ಸೆಲ್ ಕೊಂಚ ಇಳಿದರೂ ಅದು ಮಂಕು. ಮುಂದಕ್ಕೆ ಟಾರ್ಚು ಇದ್ದೇ ಇದೆ.

ಕರೆಂಟು ಹರಿಯುವ ದಾರ

ಬಟ್ಟೆಗೆ ದೀಪ ಹೊಲಿಯೋದು ಹೊಸದೇನಲ್ಲ. ಅಮೆರಿಕದಲ್ಲಿ ಲೀಯಾ ಬ್ಯೂಕ್ಲಿ ಅನ್ನುವ ಹೆಣ್ಣುಮಗಳು ಬಟ್ಟೆಗೆ ಹೊಲಿಯಲಿಕ್ಕೆಂದೇ ಹೂವಿನ ಆಕಾರದ ಒಂದು ಎಲೆಕ್ಟ್ರಾನಿಕ್ ಬಿಲ್ಲೆ ಮಾಡಿದರು. 2007ರಲ್ಲಿ ಅದು ಲಿಲಿಪ್ಯಾಡ್ ಅನ್ನೋ ಹೆಸರಲ್ಲಿ ಮಾರಾಟಕ್ಕೆ ಬಂತು. ಸುತ್ತ ತೂತು, ತೂತಿನಲ್ಲಿ ಕರೆಂಟು ಹರಿಯುವ ದಾರ ಪೋಣಿಸೋದು. ದೀಪ ಮಿಣುಕಿಸಬೇಕು, ಕತ್ತಲಾದಾಗ ತಾನೇ ಹತ್ತಬೇಕು ಅಂದರೆ ಅಂಥದ್ದು ಬೇಕು. ನಮ್ಮ ಕೆಲಸಕ್ಕೆ ಟಿಚ್ ಬಟನ್ ಸಾಕು.

ಅದಕ್ಕಿಂತ ಮುಂಚೆ 1990ರ ದಶಕದಲ್ಲಿ ಅಲ್ಲಿನ ಎಂ.ಐ.ಟಿ. ಅನ್ನುವ ದೊಡ್ಡ ವಿದ್ಯಾಸಂಸ್ಥೆಯಲ್ಲಿ ಬಟ್ಟೆಯ ಮೇಲೇ ವಿದ್ಯುತ್ ದಾರಿ ಮಾಡುವ ಪ್ರಯೋಗ ನಡೆಯಿತು. ಅವರು ಆಗ ಹಿಡಿದದ್ದು ಯಾವ ಬಟ್ಟೆ ಅಂತೀರಿ? ನಮ್ಮ ದೇಶದಲ್ಲಿ ಬಹಳ ಕಾಲದಿಂದ ನೇಯುತ್ತಿದ್ದ, ಎಳೆಗೆ ಲೋಹದ ತಗಡು ಸುತ್ತಿದ ತೆಳು ರೇಷ್ಮೆ. ಹುಡುಗ ಇದನ್ನು ಹೇಳಿದಾಗ ನಮ್ಮ ಮನೆಯವಳು ಪೆಟ್ಟಿಗೆಯಿಂದ ಹಳೇ ಜರಿ ಸೀರೆ ತಂದು ಮುಂದಿಟ್ಟಳು. ಒಂದು ಬಟನ್ ಸೆಲ್ಲು, ಒಂದು ಎಲ್‌ಇಡಿ ಇಟ್ಟು, ನಡುವೆ ಸೀರೆಯ ಅಂಚು ಮುಟ್ಟಿಸಿದೆವು. ಹತ್ತಿತು! ಅಸಲಿ ಜರಿ ಅಂದರೆ ರೇಷ್ಮೆ ಎಳೆಗೆ ಸುತ್ತಿದ ಬೆಳ್ಳಿಯ ತೆಳು ಪಟ್ಟಿ, ಮೇಲೆ ಚಿನ್ನದ ಲೇಪ. ಸೊಸೆಯ ಈಚಿನ ಸೀರೆ ಮುಟ್ಟಿಸಿದರೆ ಹತ್ತಲಿಲ್ಲ, ಅದರ ಜರಿ ಪ್ಲಾಸ್ಟಿಕ್ ಎಳೆಯದು. ಜರಿ ಎಳೆ ಯಾವ ಕಡೆ ಓಡಿದೆಯೋ ಆ ಕಡೆಗೇ ಕರೆಂಟು ಚೆನ್ನಾಗಿ ಹರಿಯೋದು. ಹಾಗಂತ ಅಸಲಿ ಜರಿ ಸೀರೆ ಕತ್ತರಿಸಲು ಹೋಗಬೇಡಿ, ಬೆಳ್ಳಿ ಬೆಲೆ ಬಾಳುತ್ತದೆ. ಮನೆಯವಳು ಅದನ್ನು ಮಡಿಸಿ ಒಳಗಿಟ್ಟಳು.

ಈಗ ಸ್ಟೀಲಿನ ದಾರ ಪಾರ್ಸೆಲಿನಲ್ಲಿ ಸಿಗುತ್ತದೆ. ನೋಡಲು ಬೂದು ಬಣ್ಣದ ಹೊಲಿಗೆ ದಾರವೇ. ತುಕ್ಕು ಹಿಡಿಯದು, ಎಷ್ಟು ಮಡಚಿದರೂ ಮುರಿಯದು. ಆದರೆ ಬೆಸುಗೆ ಕೂರೋದಿಲ್ಲ, ಗಂಟು ಸಡಿಲವಾಗುತ್ತದೆ, ಗಂಟಿನ ತುದಿ ಉದ್ದ ಬಿಟ್ಟರೆ ಪಕ್ಕದ ಗೆರೆಗೆ ತಾಗುತ್ತದೆ. ಇನ್ನೂ ದೊಡ್ಡ ತೊಂದರೆ, ಅದು ಕರೆಂಟನ್ನು ತಡೆಯುತ್ತದೆ. ನಾವು ತರಿಸಿದ್ದನ್ನು ಮೀಟರ್ ಹಿಡಿದು ನೋಡಿದರೆ ಒಂದು ಅಡಿಗೆ 10 ಓಮಿನ ಮೇಲೆ ತೋರಿಸಿತು. ಸಣ್ಣ ಕಾಲುವೆಯಲ್ಲಿ ಕೊನೇ ಮಡಿಗೆ ನೀರು ಮುಟ್ಟದ ಹಾಗೆ, ಉದ್ದಕ್ಕೆ ಹೊಲಿದರೆ ಕೊನೇ ದೀಪ ಮಂಕಾಗುತ್ತದೆ. ಹಾಗಾಗಿ ಬೆನ್ನಿನಂಥ ದೂರದ ಓಟಕ್ಕೆ ತಾಮ್ರವೇ ಸರಿ. ಟೋಪಿಗೆ ಸ್ಟೀಲ್ ದಾರ ಚೆನ್ನ. ಹಿಂದಲೆಗೆ ಒಂದೇ ಕೆಂಪು ದೀಪ, ನಾಲ್ಕಿಂಚು ದಾರ, ಮಡಿಕೆಯೊಳಗೆ ಸಿಆರ್ 2032 ಅನ್ನೋ 3 ವೋಲ್ಟಿನ ಬಟನ್ ಸೆಲ್. ಈ ಸೆಲ್ಲಿಗೆ ಒಂದು ದೀಪವಾದರೆ ರೆಸಿಸ್ಟರ್ ಇಲ್ಲದೆಯೂ ನಡೆಯುತ್ತದೆ, ಅದಕ್ಕೆ ಹೆಚ್ಚು ಕರೆಂಟು ಕೊಡೋ ಶಕ್ತಿಯೇ ಇಲ್ಲ.

ಕಂಬಳಿಗೆ ನೇರ ಹೊಲಿಯೋದು ನನಗೆ ಒಪ್ಪಿಗೆಯಿಲ್ಲ. ಕುರಿಯವರು ಅದನ್ನು ಹಾಸುತ್ತಾರೆ, ಹೊದೆಯುತ್ತಾರೆ, ಮಳೆಗೆ ಕೊಪ್ಪೆ ಹಾಕುತ್ತಾರೆ. ದೀಪ ಉಳಿಯೋದಿಲ್ಲ. ಅವರಿಗಾಗಿ ಸೊಸೆ ಗೇಣಗಲದ ಪಟ್ಟಿ ಹೊಲಿದಳು, ಜನಿವಾರದಂತೆ ಕಂಬಳಿ ಮೇಲೆ ಅಡ್ಡ ಹಾಕಿಕೊಳ್ಳೋದು. ದೀಪ ಬೆನ್ನಿಗೆ, ಸೆಲ್ಲು ಸೊಂಟದ ಹತ್ತಿರದ ಚೀಲಕ್ಕೆ. ಹಟ್ಟಿಯಲ್ಲಿ ಆರು ಜನ ಹಾಕಿಕೊಳ್ಳುತ್ತಿದ್ದಾರೆ.

ಅಂಗಡಿಯಲ್ಲಿ ಸಿಗುವ ಹೊಳೆಯುವ ಪಟ್ಟಿ ಸಾಲದೇ ಅಂತ ಕೇಳೋರುಂಟು. ಅದೂ ಒಳ್ಳೆಯದೇ, ಸೆಲ್ ಬೇಡ, ಖರ್ಚಿಲ್ಲ. ಆದರೆ ಅದು ಹೊಳೆಯೋದು ಎದುರಿನ ಲೈಟು ಬಿದ್ದಾಗ. ನಮ್ಮ ರಸ್ತೆಯಲ್ಲಿ ಲೈಟೇ ಇಲ್ಲದ ಟ್ರಾಕ್ಟರ್ ಎಷ್ಟಿಲ್ಲ! ದೀಪದ ಕೆಳಗೆ ಒಂದು ಪಟ್ಟಿಯನ್ನೂ ಹೊಲಿದುಬಿಡಿ, ಸೆಲ್ ಮುಗಿದ ದಿನ ಅದಾದರೂ ಇರುತ್ತದೆ. ಹಂದಿ ಓಡಿಸಲಿಕ್ಕೆ ಈ ದೀಪ ಬರೋದಿಲ್ಲ. ಹಾವಿಗೆ ಟಾರ್ಚೂ ಬೂಟೂ ಬೇಕೇ ಬೇಕು.

ಎರಡು ಎಚ್ಚರಿಕೆ

ಬಟನ್ ಸೆಲ್ ಮಕ್ಕಳ ಕೈಗೆ ಸಿಗಬಾರದು. ಬಿಲ್ಲೆ, ಮಿಠಾಯಿ ಅಂತ ನುಂಗಿಬಿಡುತ್ತವೆ. ಗಂಟಲಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆಲ್ಲ ಸುಟ್ಟು ಹುಣ್ಣಾಗುತ್ತದೆ, ಪ್ರಾಣಕ್ಕೇ ಬರುತ್ತದೆ. ಸತ್ತ ಸೆಲ್ಲೂ ಅಪಾಯವೇ. ನುಂಗಿದ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ ಆ ಕ್ಷಣವೇ ಎಕ್ಸ್‌ರೇ ಇರುವ ದೊಡ್ಡ ಆಸ್ಪತ್ರೆಗೆ ಓಡಬೇಕು. ಚಿಕ್ಕ ಮಕ್ಕಳಿರೋ ಮನೆಯಲ್ಲಿ ಟೋಪಿ ದೀಪ ಬೇಡ, ಪೆನ್ ಸೆಲ್ಲಿನ ಅಂಗಿಯೇ ಸಾಕು.

ಹಳೇ ಮೊಬೈಲಿನ ಬ್ಯಾಟರಿ ಬಿದ್ದಿದೆ, ಹಾಕಿಕೊಳ್ಳೋಣ ಅಂತ ಹುಡುಗರು ಹೊರಡುತ್ತಾರೆ. ಮೈಮೇಲೆ ಅದು ಕೂಡದು. ಬಗ್ಗಿ ಎದ್ದು ಕೆಲಸ ಮಾಡುವಾಗ ಜಜ್ಜಿದರೆ, ಎರಡು ತುದಿ ತಾಗಿದರೆ ಬೆಂಕಿ ಹತ್ತುತ್ತದೆ. ಎರಡು ಪೆನ್ ಸೆಲ್ಲಿನ 3 ವೋಲ್ಟಿನಲ್ಲಿ ಒದ್ದೆ ಮೈಗೂ ಶಾಕ್ ಹೊಡೆಯೋದಿಲ್ಲ. ಇದನ್ನು ಮೋಟರಿನ ಸ್ಟಾರ್ಟರ್ ಡಬ್ಬಿಯ ಮಾತಿಗೆ ಬೆರೆಸಬೇಡಿ, ಅಲ್ಲಿ ಒದ್ದೆ ಕೈ ಯಾವತ್ತೂ ಇಡಬಾರದು.

ಒಗೆಯುವ ಮುಂಚೆ ಸೆಲ್ ತೆಗೆಯಿರಿ. ಕೈಯಲ್ಲೇ ಜಾಲಾಡಿ, ಹಿಂಡಬೇಡಿ, ಕಲ್ಲಿಗೆ ಬಡಿಯೋದಂತೂ ಬೇಡವೇ ಬೇಡ. ನೆರಳಲ್ಲಿ ಪೂರಾ ಒಣಗಿದ ಮೇಲೆ ಸೆಲ್ ಹಾಕಿ. ಬೆವರಿನ ಉಪ್ಪಿಗೆ ತಾಮ್ರ ಹಸಿರುಗಟ್ಟಿ ಕಿಲುಬು ಹಿಡಿಯುತ್ತದೆ, ಟಿಚ್ ಬಟನ್ ಹತ್ತಿರವೇ ಜಾಸ್ತಿ. ದೀಪ ಮಿಣಮಿಣ ಅಂದರೆ ಮೊದಲು ಅಲ್ಲಿ ನೋಡಿ. ತುದಿಯನ್ನು ಉಪ್ಪುಕಾಗದದಲ್ಲಿ ಉಜ್ಜಿ ಮತ್ತೆ ಸುತ್ತಿದರೆ ಸರಿಹೋಗುತ್ತದೆ. ನಮ್ಮ ಅಂಗಿಗೆ ಒಂದೂವರೆ ವರ್ಷದಲ್ಲಿ ಎರಡು ಸಲ ಹೀಗೆ ಮಾಡಿದ್ದೇವೆ, ಒಂದು ಎಲ್‌ಇಡಿ ಬದಲಾಯಿಸಿದ್ದೇವೆ.