ಮುಷ್ಕರಕ್ಕೆ ಕಟ್ಟಳೆ, ಸಂಬಳಕ್ಕೆ ಗಡುವೆಲ್ಲಿ?

2025ನೆಯ ಇಸವಿ ನವೆಂಬರ್ 21ರಂದು ಭಾರತ ಸರಕಾರದವರು ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದ ಸಂಗತಿಯು ವಾಚಕರಿಗೆ ತಿಳಿದೇ ಇದೆ. ಇವುಗಳ ಪೈಕಿ ಕೈಗಾರಿಕಾ ಸಂಬಂಧಗಳ ಸಂಹಿತೆಯು 1926ರ ಕಾರ್ಮಿಕ ಸಂಘಗಳ ಕಾಯಿದೆ, 1946ರ ಸ್ಥಾಯೀ ಆಜ್ಞೆಗಳ ಕಾಯಿದೆ, 1947ರ ಕೈಗಾರಿಕಾ ವಿವಾದಗಳ ಕಾಯಿದೆ, ಈ ಮೂರರ ಸ್ಥಾನಕ್ಕೆ ಬಂದಿರುವುದು. ಶಾಸನವು ಹುಟ್ಟಿದುದು ದೆಹಲಿಯಲ್ಲಾದರೂ ಅದರ ಫಲವನ್ನು ಉಣ್ಣತಕ್ಕವರು ನಮ್ಮ ಉಪ್ಪಾರಪೇಟೆಯಲ್ಲಿಯೇ ಹಗಲಿರುಳು ದುಡಿಯುತ್ತಿದ್ದಾರೆ.

ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಎದ್ದು ನಿಂತಿರುವ ಕೆಂಪೇಗೌಡ ಬಸ್ ನಿಲ್ದಾಣವೂ, ಹಳೆಯ ಸೆಂಟ್ರಲ್ ಜೈಲಿನ ನೆಲದಲ್ಲಿರುವ ಸ್ವಾತಂತ್ರ್ಯ ಉದ್ಯಾನವೂ ಉಪ್ಪಾರಪೇಟೆಯ ಪೊಲೀಸು ಠಾಣೆಯ ಎಲ್ಲೆಗೇ ಸೇರಿದವು. ಮೊದಲನೆಯದು ಸಾರಿಗೆಯ ನೌಕರರು ದುಡಿಯುವ ಸ್ಥಳ. ಎರಡನೆಯದು ಅವರು ತಮ್ಮ ಅಹವಾಲನ್ನು ಹೊತ್ತು ತಂದು ಕೂರುವ ಸ್ಥಳ. ಎರಡಕ್ಕೂ ನಡುವೆ ಇರುವ ದೂರ ಸುಮಾರು ಒಂದು ಮೈಲಿ ಮಾತ್ರ. ಆದರೆ ಆ ಒಂದು ಮೈಲಿಯನ್ನು ನ್ಯಾಯಸಮ್ಮತವಾಗಿ ನಡೆಯುವುದು ವರ್ಷದಿಂದ ವರ್ಷಕ್ಕೆ ಕಠಿಣವಾಗುತ್ತಿದೆಯೆಂಬುದನ್ನು ನಾವು ಇಲ್ಲಿ ತೋರಿಸಬಯಸುತ್ತೇವೆ.

ಹೊಸ ಸಂಹಿತೆಯ ಪ್ರಕಾರ ಯಾವ ಕೈಗಾರಿಕೆಯಲ್ಲಾಗಲಿ 14 ದಿನಗಳ ಮುನ್ಸೂಚನೆಯಿಲ್ಲದೆ ಮುಷ್ಕರ ಹೂಡಕೂಡದು. ಸಾರ್ವಜನಿಕೋಪಯುಕ್ತ ಸೇವೆಗಳಿಗೆ ಈ ನಿಯಮವು 1947ರಿಂದಲೂ ಇದ್ದುದೇ. ಈಗ ಎಲ್ಲರಿಗೂ ಹಬ್ಬಿದೆ. ನೋಟೀಸು ಕೊಟ್ಟೊಡನೆ ಸಂಧಾನಾಧಿಕಾರಿಯು ಉಭಯಪಕ್ಷದವರನ್ನು ಕರೆಯಬೇಕು. ಸಂಧಾನವು ನಡೆಯುತ್ತಿರುವಾಗಲೂ, ಮುಗಿದು ಏಳು ದಿನಗಳವರೆಗೂ ಮುಷ್ಕರವು ನಿಷಿದ್ಧ. ವಿವಾದವು ನ್ಯಾಯಾಧಿಕರಣಕ್ಕೆ ಹೋಯಿತೋ, ಅಲ್ಲಿ ವಿಚಾರಣೆ ಮುಗಿದು 60 ದಿನಗಳಾಗುವವರೆಗೆ ನಿಷಿದ್ಧ. ಅಂದರೆ, ಮುಷ್ಕರಕ್ಕೆಂದು ಕೊಟ್ಟ ನೋಟೀಸೇ ಮುಷ್ಕರದ ಬಾಗಿಲನ್ನು ಮುಚ್ಚುವ ಅಗುಳಿಯಾಗಬಹುದು. ನೌಕರರಲ್ಲಿ ಅರ್ಧದಷ್ಟು ಮಂದಿ ಒಂದೇ ದಿನ ಒಟ್ಟಾಗಿ ಸಾಂದರ್ಭಿಕ ರಜೆ ಹಾಕಿದರೆ ಅದೂ ಮುಷ್ಕರವೇ. 1947ರ ಕಾಯಿದೆಯಲ್ಲಿ ಅಕ್ರಮ ಮುಷ್ಕರದ ದಂಡವು 50 ರೂಪಾಯಿಗೆ ಮೀರದಂತಿತ್ತು. ಈಗ ಅದು ಸಾವಿರದಿಂದ ಹತ್ತು ಸಾವಿರದವರೆಗೆ, ಇಲ್ಲವೆ ಒಂದು ತಿಂಗಳ ಸೆರೆ, ಇಲ್ಲವೆ ಎರಡೂ. ಇವೆಲ್ಲಕ್ಕೂ ಮಿಗಿಲಾಗಿ ನಮ್ಮ ರಾಜ್ಯದ ಸರಕಾರದವರ ಕೈಯಲ್ಲಿ ಅತ್ಯಾವಶ್ಯಕ ಸೇವೆಗಳ ನಿರ್ವಹಣಾ ಕಾಯಿದೆಯೆಂಬ ಇನ್ನೊಂದು ಅಸ್ತ್ರವುಂಟು.

ಕಾರ್ಮಿಕನ ಪಾಲಿಗೆ ದಿನಗಳ ಲೆಕ್ಕವು ಇಷ್ಟು ಬಿಗಿಯಾಗಿರುವಾಗ, ಒಡೆಯನ ಪಾಲಿನ ಲೆಕ್ಕ ಹೇಗಿದೆ? ಸಾರಿಗೆ ನಿಗಮಗಳಲ್ಲಿ ನಾಲ್ಕು ವರ್ಷಗಳಿಗೊಮ್ಮೆ ಸಂಬಳದ ಪರಿಷ್ಕರಣೆಯಾಗುವುದು ರೂಢಿ. 2020ರ ಜನವರಿ 1ರಿಂದ ಸಲ್ಲಬೇಕಾಗಿದ್ದ ಪರಿಷ್ಕರಣೆಯು ಶೇಕಡ 15ರ ಏರಿಕೆಯ ರೂಪದಲ್ಲಿ ಕೈಗೆ ಬಂದುದು 2023ರ ಮಾರ್ಚಿಯಲ್ಲಿ. ನಡುವೆ ಕಳೆದ 38 ತಿಂಗಳ ಬಾಕಿಯೇ ಮುಂದಿನ ಜಗಳಕ್ಕೆ ಬೀಜವಾಯಿತು. ಅದು ಮೊಳೆಯುವುದರೊಳಗಾಗಿ 2024ರ ಜನವರಿ 1ರ ಪರಿಷ್ಕರಣೆಯ ದಿನವೂ ಬಂದು ಹೋಯಿತು. 2025ರ ಆಗಸ್ಟ್ 5ರಂದು ನಾಲ್ಕು ನಿಗಮಗಳ ನೌಕರರು ಬಸ್ಸುಗಳನ್ನು ನಿಲ್ಲಿಸಿದರು. ಹಿಂದಿನ ದಿನವೇ ತಡೆಯಿತ್ತಿದ್ದ ಉಚ್ಚ ನ್ಯಾಯಾಲಯವು ಗದರಿಸಲಾಗಿ ಅದೇ ದಿನ ಮುಷ್ಕರವನ್ನು ಹಿಂದೆಗೆದುಕೊಂಡರು. ನೌಕರನು ಒಂದು ದಿನ ತಪ್ಪಿದರೆ ಅದಕ್ಕೆ ಶಾಸನವಿದೆ. ಸಂಬಳವು ಮೂರು ವರ್ಷ ತಪ್ಪಿದರೆ ಅದಕ್ಕೆ ಯಾವ ಶಾಸನವಿದೆ?

ಈ ನೌಕರರು 2020ರ ಡಿಸೆಂಬರಿನಲ್ಲಿ ಮುಷ್ಕರ ಹೂಡಿದಾಗ, ತಮ್ಮನ್ನು ಸರಕಾರಿ ನೌಕರರೆಂದು ಎಣಿಸಬೇಕೆಂದು ಕೇಳಿದರು. 2021ರ ಏಪ್ರಿಲಿನಲ್ಲಿ ಆರನೆಯ ವೇತನ ಆಯೋಗದ ಶ್ರೇಣಿಯನ್ನು ಕೇಳಿ ಎರಡು ವಾರ ಬಸ್ಸು ನಿಲ್ಲಿಸಿದರು. ಅನೇಕರು ಕೆಲಸ ಕಳೆದುಕೊಂಡರು. ಇದು ಅತಿಯಾಸೆಯೆಂದು ಹಳಿಯುವವರು ಇತಿಹಾಸದತ್ತ ಒಮ್ಮೆ ತಿರುಗಿ ನೋಡಬೇಕು. 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ಈ ಸಾರಿಗೆಯು ಆರಂಭವಾದುದು ಮೈಸೂರು ಸರಕಾರದ ಒಂದು ಇಲಾಖೆಯಾಗಿಯೇ. 1961ರ ಆಗಸ್ಟ್ 1ರಂದು ಅದು ನಿಗಮವಾಯಿತು. ಅನಂತರ ನಾಲ್ಕಾಗಿ ಒಡೆಯಿತು. ಹೆಸರು ಬದಲಾಯಿತು, ಒಡೆತನ ಬದಲಾಗಲಿಲ್ಲ. ಟಿಕೆಟಿನ ದರಕ್ಕೆ ಒಪ್ಪಿಗೆ ಕೊಡುವವರು ಸರಕಾರದವರು. 2023ರ ಜೂನ್ 11ರಿಂದ ಸ್ತ್ರೀಯರಿಗೆ ಪುಕ್ಕಟೆ ಪ್ರಯಾಣವನ್ನು ಕೊಟ್ಟವರೂ ಅವರೇ. ಸಂಬಳದ ಮಾತು ಬಂದಾಗ ಮಾತ್ರ ನಿಗಮವು ಬೇರೆ, ನಾವು ಬೇರೆ ಎನ್ನುವುದು ಧರ್ಮವಲ್ಲ.

ಪ್ರಯಾಣಿಕರ ಸಂಕಟವನ್ನು ನಾವು ಮರೆತಿಲ್ಲ. ಬಸ್ಸು ನಿಂತ ದಿನ ದಿನಗೂಲಿಯವನ ಕೂಲಿ ಹೋಗುತ್ತದೆ. ಊರಿನಿಂದ ಆಸ್ಪತ್ರೆಗೆಂದು ಬಂದ ರೋಗಿಯು ನಿಲ್ದಾಣದಲ್ಲಿಯೇ ಉಳಿಯುತ್ತಾನೆ. ಆದುದರಿಂದಲೇ ಮುಷ್ಕರವು ಕಟ್ಟಕಡೆಯ ಉಪಾಯವಾಗಿರತಕ್ಕದ್ದು. ಆದರೆ ಮೊದಲನೆಯ ಉಪಾಯಗಳು ಫಲಿಸಿದರಲ್ಲವೆ ಕಡೆಯದು ಬೇಡವಾಗುವುದು?

ಹೊಸ ಸಂಹಿತೆಯಲ್ಲಿ ಒಂದು ಒಳ್ಳೆಯ ಅಂಶವಿದೆ. ಶೇಕಡ 51 ಮಂದಿ ನೌಕರರ ಬೆಂಬಲವಿರುವ ಸಂಘವನ್ನು ಮಾಲೀಕರು ಮಾತುಕತೆಗೆ ಒಪ್ಪಲೇಬೇಕು. ಅಂತಹ ಸಂಘವಿಲ್ಲದಿದ್ದಲ್ಲಿ ಶೇಕಡ 20ರಷ್ಟು ಬೆಂಬಲವಿರುವ ಸಂಘಗಳು ಕೂಡಿದ ಮಂಡಲಿಯೊಡನೆ ಮಾತಾಡಬೇಕು. ನಿಗಮಗಳಲ್ಲಿ ಹಲವು ಸಂಘಗಳಿರುವುದರಿಂದ ಯಾರೊಡನೆ ಮಾತಾಡುವುದೆಂಬ ನೆಪಕ್ಕೆ ಇನ್ನು ಎಡೆಯಿರಬಾರದು. ನೌಕರರ ಗುಪ್ತಮತದಿಂದ ಈ ಪ್ರಶ್ನೆಯನ್ನು ತೀರ್ಮಾನಿಸುವುದು ಯುಕ್ತ. ಸಂಘಗಳ ಮುಖಂಡರೂ ಪರಸ್ಪರ ಸ್ಪರ್ಧೆಯನ್ನು ಬಿಟ್ಟು ಆ ತೀರ್ಪಿಗೆ ತಲೆಬಾಗಬೇಕು.

ಅದರೊಡನೆ ರಾಜ್ಯದ ಸರಕಾರದವರು ತಮಗೆ ತಾವೇ ಒಂದು ಕಟ್ಟು ಹಾಕಿಕೊಳ್ಳಬೇಕೆಂದು ನಾವು ಸೂಚಿಸುತ್ತೇವೆ. ಪರಿಷ್ಕರಣೆಯ ದಿನಕ್ಕೆ ಆರು ತಿಂಗಳು ಮುಂಚೆಯೇ ಮಾತುಕತೆ ಆರಂಭವಾಗಲಿ. ಆ ದಿನದೊಳಗೆ ಒಪ್ಪಂದವಾಗದಿದ್ದರೆ ವಿಷಯವು ನಿಷ್ಪಕ್ಷಪಾತಿಯಾದ ಮಧ್ಯಸ್ಥನ ಕೈಗೆ ತಾನಾಗಿಯೇ ಹೋಗಲಿ. ಅವನ ತೀರ್ಪು ಇಬ್ಬರನ್ನೂ ಕಟ್ಟಲಿ. ಪುಕ್ಕಟೆ ಪ್ರಯಾಣದ ಹಣವು ಸಕಾಲಕ್ಕೆ ನಿಗಮಗಳಿಗೆ ಸಲ್ಲಲಿ. ಒಬ್ಬನ ಕೈಯಿಂದ ಆಯುಧವನ್ನು ಕಿತ್ತುಕೊಳ್ಳುವವನು ಅವನಿಗೆ ರಕ್ಷಣೆಯನ್ನೂ ಕೊಡಬೇಕಾದುದು ನ್ಯಾಯ. ಮುಷ್ಕರಕ್ಕೆ 14 ದಿನಗಳ ನೋಟೀಸು ಬೇಕೆಂಬ ಸರಕಾರವು, ಸಂಬಳಕ್ಕೂ ಒಂದು ದಿನವನ್ನು ಗೊತ್ತುಮಾಡಿ ಅದಕ್ಕೆ ತಪ್ಪದೆ ನಡೆದುಕೊಂಡರೆ, ಉಪ್ಪಾರಪೇಟೆಯ ಆ ಒಂದು ಮೈಲಿಯನ್ನು ನಡೆಯುವ ಅಗತ್ಯವೇ ಯಾರಿಗೂ ಬಾರದು.