ಎಲುಬು ಒಣಕಟ್ಟಿಗೆಯಲ್ಲ

"ಎಲುಬು ಸವದಾವಂತೆ ಡಾಕ್ಟ್ರೆ. ಅದಕ್ಕೇ ಅಮ್ಮನ್ನ ಮಂಚ ಬಿಟ್ಟು ಇಳಿಯಾಕೆ ಬಿಟ್ಟಿಲ್ಲ." ದಾವಣಗೆರೆಯ ನಮ್ಮ ಚಿಕಿತ್ಸಾಲಯದಲ್ಲಿ ನಾವು ವರ್ಷಗಳಿಂದ ಕೇಳುತ್ತ ಬಂದಿರುವ ಮಾತಿದು. ಹೀಗೆ ಹೇಳುವ ಮಕ್ಕಳಲ್ಲಿ ತಾಯಿಯ ಮೇಲಣ ಅಕ್ಕರೆಗೆ ಕೊರತೆಯಿಲ್ಲ. ಆದರೆ ಬಳಸಿದಷ್ಟೂ ಸವೆಯುವ ಒಣಕಟ್ಟಿಗೆಯೆಂದು ಎಲುಬನ್ನು ಭಾವಿಸಿ, ಆ ಅಕ್ಕರೆಯಿಂದಲೇ ಅದನ್ನು ಇನ್ನಷ್ಟು ಬಡವಾಗಿಸುತ್ತಿದ್ದೇವೆಂಬುದು ಅವರಿಗೆ ತಿಳಿದಿರುವುದಿಲ್ಲ.

ಜೀವಂತ ಎಲುಬು ಒದ್ದೆಯಾದ ವಸ್ತು. ಬೇಸಿಗೆಯಲ್ಲಿ ಹರಿಹರದ ಬಳಿ ತುಂಗಭದ್ರೆಯ ಮರಳನ್ನು ತೋಡಿದರೆ ಒರತೆ ಜಿನುಗುತ್ತದೆ. ಮೇಲೆ ಒಣಗಿ ಕಾಣುವ ಮರಳಿನ ಕಣಗಳ ಸಂದಿನಲ್ಲಿ ನೀರು ಮೆಲ್ಲನೆ ಸರಿಯುತ್ತಲೇ ಇರುತ್ತದೆ. ಕಲ್ಲಿನಂತೆ ತೋರುವ ಎಲುಬಿನ ಗಟ್ಟಿ ಭಾಗದಲ್ಲಿಯೂ ತೂಕದ ಸುಮಾರು ಶೇ. 10ರಷ್ಟು ನೀರಿದೆ. ಅದರೊಳಗೆ ರಕ್ತನಾಳಗಳು ಹಾಯುವ ಕೊಳವೆಗಳಿವೆ, ಸುತ್ತಲೂ ಜೀವಕೋಶಗಳು ನೆಲೆಸಿದ ಪುಟ್ಟ ಗೂಡುಗಳಿವೆ, ಗೂಡಿನಿಂದ ಗೂಡಿಗೆ ತಲೆಗೂದಲಿನ ನೂರನೆಯ ಒಂದು ಪಾಲಿಗಿಂತಲೂ ಕಿರಿದಾದ ನಾಲೆಗಳಿವೆ. ಭದ್ರಾ ನಾಲೆಯ ಕೊನೆಭಾಗದ ರೈತರ ಪಾಡು ನಮ್ಮ ಜಿಲ್ಲೆಯವರಿಗೆ ಹೇಳಬೇಕಾದುದಿಲ್ಲ. ರಕ್ತನಾಳದಿಂದ ದೂರವಿರುವ ಜೀವಕೋಶಗಳದೂ ಅದೇ ಪಾಡು. ಅಲ್ಲಿಯವರೆಗೆ ಪೋಷಕದ್ರವವನ್ನು ನೂಕುವವರು ಯಾರು?

ನಮ್ಮ ಹೆಜ್ಜೆಯೇ. ಒಗ್ಗರಣೆಗೆಂದು ನೆನೆಸಿದ ಮಂಡಕ್ಕಿಯನ್ನು ಅಂಗೈಯಲ್ಲಿ ಹಿಂಡುವಾಗ ಗಮನಿಸಿರಿ. ಒತ್ತಿದೊಡನೆ ನೀರು ಹರಿಯುತ್ತದೆ. ಹಾಗೆಯೇ ಒತ್ತಿ ಹಿಡಿದರೆ ಹರಿವು ನಿಲ್ಲುತ್ತದೆ. ಹಿಂಡಿದ ಮಂಡಕ್ಕಿ ಮತ್ತೆ ಅರಳದು, ಆದರೆ ಎಲುಬಿಗೆ ಪುಟಿದೇಳುವ ಗುಣವಿದೆ. ಕಾಲೂರಿದಾಗ ಅದು ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಿಮೆ ಕುಗ್ಗಿ, ಕಾಲೆತ್ತಿದಾಗ ಮೊದಲಿನಂತಾಗುತ್ತದೆ. ಅಷ್ಟರಲ್ಲಿಯೇ ದ್ರವವು ನಾಲೆಗಳಲ್ಲಿ ಹಿಂದಕ್ಕೂ ಮುಂದಕ್ಕೂ ಚಲಿಸುತ್ತದೆ. ಹರಿವು ಹುಟ್ಟುವುದು ಭಾರದಿಂದಲ್ಲ, ಭಾರದ ಏರಿಳಿತದಿಂದ. ಆದುದರಿಂದ ಗಂಟೆಗಟ್ಟಲೆ ನಿಂತೇ ಇರುವುದು ನಡಿಗೆಗೆ ಸಮನಾಗದು.

ಈ ಗಣಿತ ಮೊದಲು ಹುಟ್ಟಿದ್ದು ವೈದ್ಯರಲ್ಲಲ್ಲ. ಕಟ್ಟಡದ ಭಾರಕ್ಕೆ ನೀರುಂಡ ಜೇಡಿಮಣ್ಣು ನೀರು ಬಿಡುತ್ತ ಕುಸಿಯುವ ಬಗೆಯನ್ನು 1920ರ ದಶಕದಲ್ಲಿ ಟೆರ್ಜಾಗಿ ಎಂಬ ಎಂಜಿನಿಯರು ವಿವರಿಸಿದರು. 1941ರಲ್ಲಿ ಬಿಯೋ ಎಂಬ ವಿಜ್ಞಾನಿ ಅದನ್ನು ವಿಸ್ತರಿಸಿದರು. ಎಲುಬಿನ ನಾಲೆಗಳಲ್ಲಿನ ಹರಿವು ಜೀವಕೋಶಗಳನ್ನು ತೀಡಿ ಎಚ್ಚರಿಸುತ್ತದೆಂಬ ಲೆಕ್ಕಾಚಾರವನ್ನು 1994ರಲ್ಲಿ ಅಮೆರಿಕದ ವೈನ್‌ಬಾಮ್, ಕೊವಿನ್ ಮತ್ತು ಸಂಗಡಿಗರು ಮುಂದಿಟ್ಟರು. ಹಾಗೆ ಎಚ್ಚರಗೊಂಡ ಜೀವಕೋಶಗಳೇ ಎಲ್ಲಿ ಎಲುಬು ಕಟ್ಟಬೇಕು, ಎಲ್ಲಿ ಕರಗಿಸಬೇಕು ಎಂಬ ಸಂದೇಶ ಕಳುಹಿಸುತ್ತವೆ. ಕಾಲೂರಲು ನೆಲವೇ ಇಲ್ಲದ ಅಂತರಿಕ್ಷದಲ್ಲಿ ಗಗನಯಾತ್ರಿಗಳ ಸೊಂಟದ ಎಲುಬು ತಿಂಗಳಿಗೆ ಶೇ. 1ಕ್ಕೂ ಮಿಗಿಲಾಗಿ ಕ್ಷೀಣಿಸುತ್ತದೆ. ಅವರು ಆರೋಗ್ಯವಂತರು, ನಡುವಯಸ್ಸಿನವರು. ತಿಂಗಳುಗಟ್ಟಲೆ ಮಂಚ ಹಿಡಿಸಿದ ವೃದ್ಧೆಯ ಗತಿಯೇನು?

ಅಷ್ಟಾಂಗಹೃದಯವು ಅಸ್ಥಿಯನ್ನು ವಾತದ ನೆಲೆಯೆಂದು ಹೇಳಿ, ಒಂದು ಹೆಚ್ಚಿದರೆ ಮತ್ತೊಂದು ಕುಗ್ಗುತ್ತದೆಂದು ತಿಳಿಸುತ್ತದೆ. ಪ್ರಾಚೀನರು ಈ ನಾಲೆಗಳನ್ನು ಕಂಡಿದ್ದರೆಂದು ನಾವು ವಾದಿಸುವುದಿಲ್ಲ. ಅಂಥ ವಾದದಿಂದ ಆಯುರ್ವೇದಕ್ಕೆ ಗೌರವವೂ ಹೆಚ್ಚದು. ಅಭ್ಯಂಗದಿಂದ ಸ್ನಾಯುಗಳ ಬಿಗಿತ ಸಡಿಲಗೊಳ್ಳುತ್ತದೆ, ನಿದ್ರೆ ಬರುತ್ತದೆ, ಮರುದಿನ ನಡೆಯಲು ಮನಸ್ಸಾಗುತ್ತದೆ. ಆದರೆ ಹಚ್ಚಿದ ಎಣ್ಣೆ ಎಲುಬಿನೊಳಗಿಳಿದು ಟೊಳ್ಳನ್ನು ತುಂಬುತ್ತದೆಂದು ಯಾರಾದರೂ ಮಾರಲು ಬಂದರೆ ಕೊಳ್ಳಬೇಡಿರಿ.

ಮಂಡಿಯ ಮೃದ್ವಸ್ಥಿ ಸವೆಯುವುದು ಬೇರೆ, ಎಲುಬಿನ ಸಾಂದ್ರತೆ ಕುಗ್ಗುವುದು ಬೇರೆ. ಜನರು ಎರಡನ್ನೂ "ಸವೆತ" ಎನ್ನುತ್ತಾರೆ. ಮೃದ್ವಸ್ಥಿಗೆ ರಕ್ತನಾಳವೇ ಇಲ್ಲ, ಕೀಲಿನ ದ್ರವವೇ ಅದಕ್ಕೆ ಆಹಾರ. ಆದುದರಿಂದ ಅಲ್ಲಿಯೂ ಹಿತಮಿತವಾದ ಚಲನೆ ಬೇಕೇ ಬೇಕು.

ಕುಂದವಾಡ ಕೆರೆಯ ಏರಿಯ ಮೇಲೆ ಒಮ್ಮೆಗೇ ಒಂದು ಗಂಟೆ ನಡೆದು ದಿನವಿಡೀ ಕುಳಿತಿರುವುದಕ್ಕಿಂತ, ಹತ್ತು ಹತ್ತು ನಿಮಿಷದಂತೆ ಮೂರು ನಾಲ್ಕು ಸಲ ನಡೆಯುವುದು ಲೇಸು. ಒಂದೇ ಸಮನೆ ಬರುವ ಒತ್ತಡಕ್ಕೆ ಎಲುಬಿನ ಜೀವಕೋಶಗಳು ಬೇಗ ಜಡವಾಗುತ್ತವೆ, ಬಿಡುವಿನ ನಂತರ ಮತ್ತೆ ಚುರುಕಾಗುತ್ತವೆ ಎಂಬುದು ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡುಬಂದಿದೆ. ಹಾಲು, ರಾಗಿ, ಎಳ್ಳು, ಬಿಸಿಲು ಇರಲಿ. ವೈದ್ಯರು ಬರೆದುಕೊಟ್ಟ ಮಾತ್ರೆಗಳನ್ನು ನಿಲ್ಲಿಸುವುದು ಬೇಡ. ಬೆನ್ನೆಲುಬು ದುರ್ಬಲವಾದವರು ಮುಂದಕ್ಕೆ ಬಾಗಿ ಕೊಡ ಎತ್ತಬಾರದು, ಜಿಗಿಯಬಾರದು. ಎಲುಬು ಮುರಿದವರು ಯಾವಾಗ, ಎಷ್ಟು ಭಾರ ಊರಬೇಕೆಂಬುದನ್ನು ಶಸ್ತ್ರಚಿಕಿತ್ಸಕರೇ ನಿರ್ಧರಿಸಬೇಕು. ಅವರು ಹೇಳುವುದನ್ನು ಮರೆತರೆ ಮನೆಯವರೇ ಕೇಳಿರಿ. ಅನುಮತಿ ದೊರೆತ ದಿನವೇ ತಾಯಿಯನ್ನು ಮಂಚದಿಂದಿಳಿಸಿ, ಕಿಟಕಿಯ ಸರಳು ಹಿಡಿಸಿ ನಿಲ್ಲಿಸಿ, ಪಕ್ಕದಲ್ಲಿ ಒಬ್ಬರು ನಿಂತು, ಎರಡೂ ಹಿಮ್ಮಡಿಗಳನ್ನು ಮೆಲ್ಲನೆ ಎತ್ತಿ ಇಳಿಸುವುದನ್ನು ಹತ್ತು ಸಲ ಮಾಡಿಸಿರಿ. ಸಂಜೆ ಮತ್ತೊಮ್ಮೆ.